ನಾಲ್ಕು ವರ್ಷ ನಿಲ್ಲುವ ಕಾರು, ಅದರ ಕೆಳಗೊಂದು ಸಂಪು

ಪ್ರಶ್ನೆ: ನಮ್ಮಪ್ಪ ಕೊಂಡ 1994ರ ಮಾರುತಿ 800 ಇನ್ನೂ ಚೆನ್ನಾಗಿ ಓಡುತ್ತಿದೆ. ಅಪ್ಪ ಈಗಿಲ್ಲ. ಕೆಲಸದ ಮೇಲೆ ಬರುವ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್‌ಗೆ ಹೊರಟಿದ್ದೇನೆ. ವಾಪಸ್ ಬರುವುದು ನಾಲ್ಕು ವರ್ಷ ಬಿಟ್ಟು. ಕಾರು ಮಾರಲು ಮನಸ್ಸಿಲ್ಲ. ಹನುಮಂತನಗರದ ನಮ್ಮ ಮನೆಯ ಕೆಳಗೆ ರೋಲಿಂಗ್ ಶಟರ್ ಇರುವ ಶೆಡ್ಡಿದೆ, ಅಲ್ಲೇ ನಿಲ್ಲಿಸುತ್ತೇನೆ. ಶೆಡ್ಡಿನ ನೆಲದಲ್ಲೇ ಸಂಪು ಇದೆ. ಹೊದಿಸಲು ದಪ್ಪ ಟಾರ್ಪಾಲು ತಂದಿದ್ದೇನೆ. ತಮ್ಮ ಮಹಡಿ ಮೇಲಿರುತ್ತಾನೆ, ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುತ್ತಾನಂತೆ. ಇಷ್ಟು ಸಾಕಾ? ತುಕ್ಕು ಹಿಡಿಯದಂತೆ ಇನ್ನೇನು ಮಾಡಬೇಕು?
ಓದುಗರೊಬ್ಬರು, ಹನುಮಂತನಗರ

ಉತ್ತರ: ಮೊದಲು ಆ ಟಾರ್ಪಾಲನ್ನು ಅಂಗಡಿಗೆ ವಾಪಸ್ ಕೊಡಿ. ಆಮೇಲೆ ತಮ್ಮನನ್ನು ಕೂರಿಸಿಕೊಂಡು, ಭಾನುವಾರದ ಸ್ಟಾರ್ಟಿಂಗ್ ಕಾರ್ಯಕ್ರಮ ರದ್ದು ಅಂತ ಹೇಳಿ. ಪಾಪ, ಬೇಜಾರು ಮಾಡಿಕೊಳ್ಳಬಹುದು. ಅವರಿಗೆ ಬೇರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇವೆರಡೂ ಅಲ್ಲ. 'ನೆಲದಲ್ಲೇ ಸಂಪು ಇದೆ' ಅಂತ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ಅದು.

ಮೂವತ್ತು ವರ್ಷ ನಾನು ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಕೆಲಸ ಮಾಡಿದವನು. ಅಲ್ಲಿ ತುಕ್ಕು ಅಂದರೆ ಸಂಬಳಕ್ಕೆ ಬೀಳುವ ಕತ್ತರಿ. ಕನ್ನಡಿಯ ಹಾಗೆ ಗ್ರೈಂಡ್ ಮಾಡಿದ ಒಂದು ಉಕ್ಕಿನ ಗೇಜನ್ನು ಬರಿಗೈಯಲ್ಲಿ ಎತ್ತಿ ಹಾಗೇ ಮೇಜಿನ ಮೇಲಿಟ್ಟು ಮನೆಗೆ ಹೋಗಿ ನೋಡಿ. ಮಾರನೇ ದಿನ ಬೆಳಗ್ಗೆ ನಿಮ್ಮ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ಕಂದು ಬಣ್ಣದಲ್ಲಿ ಅಲ್ಲಿ ಮೂಡಿರುತ್ತದೆ. ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಕೈಬೆವರಿನ ಉಪ್ಪು, ಗಾಳಿಯ ತೇವ, ಇಷ್ಟೇ ಸಾಕು. ಕೆಲವರ ಬೆವರು ಇನ್ನೂ ಜೋರು. ಅಂಥವರನ್ನು ನಾವು ಪ್ಯಾಕಿಂಗ್ ವಿಭಾಗದ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಕಾರಿಗೂ ಇದೇ ಲೆಕ್ಕ. ಗಾಳಿಯ ತೇವ ಶೇ 50ಕ್ಕಿಂತ ಕೆಳಗಿದ್ದರೆ ಉಕ್ಕಿಗೆ ತುಕ್ಕು ಹಿಡಿಯುವುದು ಹೆಚ್ಚುಕಡಿಮೆ ನಿಂತಂತೆ. ಶೇ 60 ದಾಟಿತು ಅಂದರೆ ಕಣ್ಣಿಗೆ ಕಾಣದ ನೀರಿನ ಪದರ ಲೋಹದ ಮೇಲೆ ಕೂರುತ್ತದೆ, ತುಕ್ಕು ಜೋರಾಗುತ್ತದೆ. ದೂಳು, ಉಪ್ಪು, ಹಕ್ಕಿ ಹಿಕ್ಕೆ ಇದ್ದ ಕಡೆ ಅದಕ್ಕೂ ಮೊದಲೇ ಶುರು.

'ಬೆಂಗಳೂರಲ್ಲವಾ, ಮಂಗಳೂರಿನ ಹಾಗೆ ಉಪ್ಪುಗಾಳಿ ಇಲ್ಲವಲ್ಲ' ಅಂತ ಜನ ಕೇಳುತ್ತಾರೆ. ನಿಜ, ಸಮುದ್ರ ದೂರ, ಊರು 900 ಮೀಟರ್‌ಗಿಂತ ಎತ್ತರದಲ್ಲಿದೆ. ಮಾರ್ಚ್ ಮಧ್ಯಾಹ್ನ ಇಲ್ಲಿನ ಗಾಳಿಯ ತೇವ ಶೇ 30ರ ಆಸುಪಾಸಿಗೆ ಇಳಿಯುತ್ತದೆ, ಹಪ್ಪಳ ಒಣಗುವ ಹವೆ. ಆದರೆ ಅದೇ ಊರು ಆಗಸ್ಟ್ ಬೆಳಗ್ಗೆ ಶೇ 80 ದಾಟುತ್ತದೆ. ಸೆಪ್ಟೆಂಬರ್‌ನಲ್ಲಿ 200 ಮಿಲಿಮೀಟರ್ ಆಚೀಚೆ ಮಳೆ. ಅದು ಮುಗಿಯುತ್ತಿದ್ದಂತೆ ಅಕ್ಟೋಬರ್, ಮತ್ತೆ ಮಳೆ. ಅದರ ಹಿಂದೆಯೇ ಇಬ್ಬನಿಯ ಕಾಲ.

ಇಬ್ಬನಿ ಅಂಗಳದ ಹುಲ್ಲಿನ ಮೇಲೆ ಮಾತ್ರ ಬೀಳುತ್ತದೆ ಅಂದುಕೊಳ್ಳಬೇಡಿ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಮೇಜಿನ ಮೇಲೆ ಬೆವರುತ್ತದಲ್ಲ, ಮುಚ್ಚಿದ ಶೆಡ್ಡಿನೊಳಗೆ ಕಾರೂ ಹಾಗೇ ಬೆವರುತ್ತದೆ. 25 ಡಿಗ್ರಿ ಬಿಸಿ, ಶೇ 70 ತೇವ ಇರುವ ಗಾಳಿ 19 ಡಿಗ್ರಿಯ ಲೋಹಕ್ಕೆ ತಗುಲಿದರೆ ಸಾಕು, ನೀರು ಕಟ್ಟುತ್ತದೆ. ರಾತ್ರಿಯೆಲ್ಲ ತಣ್ಣಗಾದ ಎಂಜಿನ್ ಬ್ಲಾಕ್ ದಪ್ಪ ಲೋಹ, ಬೇಗ ಬಿಸಿಯಾಗುವುದಿಲ್ಲ. ಬೆಳಗ್ಗೆ ಹತ್ತಕ್ಕೆ 'ಸ್ವಲ್ಪ ಗಾಳಿಯಾಡಲಿ' ಅಂತ ಮಳೆಗಾಲದಲ್ಲಿ ಶಟರ್ ಎತ್ತಿದರೆ ನೀವು ಒಳಗೆ ಬಿಡುವುದು ಗಾಳಿಯನ್ನಲ್ಲ, ನೀರನ್ನು.

ಈಗ ಸಂಪಿಗೆ ಬರೋಣ. ಬೆಂಗಳೂರಿನ ಹಳೇ ಸೈಟುಗಳಲ್ಲಿ ಜಾಗ ಎಲ್ಲಿದೆ? ಕಾರು ನಿಲ್ಲುವ ಕಡೆಯೇ ಸಂಪು ತೋಡಿರುತ್ತಾರೆ. ಆರು, ಎಂಟು ಸಾವಿರ ಲೀಟರ್ ನೀರು, ಅದರ ಮೇಲೊಂದು ಕಬ್ಬಿಣದ ಮುಚ್ಚಳ, ಆ ಮುಚ್ಚಳದ ನೇರ ಮೇಲೆ ಕಾರಿನ ಹೊಟ್ಟೆ. ಮುಚ್ಚಳದ ಸುತ್ತ ಬೆರಳು ತೂರುವಷ್ಟು ಸಂದು. ವರ್ಷವಿಡೀ ಅಲ್ಲಿಂದ ತೇವ ಮೇಲೇಳುತ್ತಲೇ ಇರುತ್ತದೆ. ಅನುಮಾನ ಇದ್ದರೆ ಆ ಮುಚ್ಚಳವನ್ನೇ ಎತ್ತಿ ಅದರ ಒಳಮೈ ನೋಡಿ. ಪದರ ಪದರವಾಗಿ ಎದ್ದ ತುಕ್ಕು, ತುದಿಯಲ್ಲಿ ನೇತಾಡುವ ಹನಿ. ನಾಲ್ಕು ವರ್ಷದಲ್ಲಿ ನಿಮ್ಮ ಕಾರಿನ ತಳ ಹೇಗಾಗುತ್ತದೆ ಅಂತ ಅದೇ ತೋರಿಸುತ್ತದೆ.

ಆದ್ದರಿಂದ ಮೊದಲ ಖರ್ಚು ಕಾರಿಗಲ್ಲ, ಸಂಪಿಗೆ. ಹಳೇ ಮುಚ್ಚಳ ತೆಗೆಸಿ, ಅಂಚಿಗೆ ರಬ್ಬರ್ ಬೀಡಿಂಗ್ ಇರುವ, ಬಿಗಿಯಾಗಿ ಕೂರುವ ಮುಚ್ಚಳ ಹಾಕಿಸಿ. ಆದರೆ ಸಂಪು ತೊಳೆಯಬೇಕು, ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಇಳಿಯಬೇಕು, ಅಲ್ವಾ? ಆಗ ಕಾರು ಅಡ್ಡ ನಿಂತಿರಬಾರದು. ಸ್ವಲ್ಪ ಹಿಂದೋ ಮುಂದೋ ಸರಿಸಿ, ಮುಚ್ಚಳ ಕಾರಿನ ಹೊರಗೆ ಬರುವಂತೆ ನಿಲ್ಲಿಸಲು ಆಗುತ್ತದಾ ನೋಡಿ. ಮಾರುತಿ 800 ಚಿಕ್ಕ ಕಾರು, ಬಹುಶಃ ಆಗುತ್ತದೆ. ಆಗದೇ ಇದ್ದರೆ ಬೇರೆ ಜಾಗ ಹುಡುಕುವುದೇ ಮೇಲು. ಒಂದು ಮಾತು ಮಾತ್ರ: ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಇದಕ್ಕಿಂತ ಒಳ್ಳೆಯದೇನಲ್ಲ. ಮಳೆಗಾಲದಲ್ಲಿ ಅಲ್ಲಿನ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ನೆಲವನ್ನೂ ಪರೀಕ್ಷೆ ಮಾಡಿ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಟ್ಟು ಎತ್ತಿ. ಒಳಗೆ ಹನಿ ಕಟ್ಟಿದ್ದರೆ ಅಥವಾ ಆ ಜಾಗದ ಸಿಮೆಂಟ್ ಕಪ್ಪಾಗಿದ್ದರೆ ನೆಲ ನೀರು ಉಸಿರಾಡುತ್ತಿದೆ ಅಂತ. ಕಾರಿಗಿಂತ ಎರಡಡಿ ದೊಡ್ಡದಾದ ದಪ್ಪ ಪಾಲಿಥಿನ್ ಹಾಸಿ, ಚಕ್ರ ಬರುವ ಕಡೆ ಹಳೇ ರಬ್ಬರ್ ಮ್ಯಾಟು ಹಾಕಿ. ಕೆಳಗಿನಿಂದ ಬರುವುದಕ್ಕೆ ಪ್ಲಾಸ್ಟಿಕ್ ಒಳ್ಳೆಯದು, ಮೇಲಿನಿಂದ ಹೊದಿಸುವುದಕ್ಕೆ ಕೆಟ್ಟದ್ದು. ಇಷ್ಟು ನೆನಪಿಟ್ಟುಕೊಳ್ಳಿ.

ಮೇಲಿನಿಂದ ಯಾಕೆ ಕೆಟ್ಟದ್ದು ಅನ್ನುವುದಕ್ಕೆ ನನ್ನ ದಡ್ಡತನವೇ ಸಾಕ್ಷಿ. ಬೇರೆಯವರ ಕಾರ್ಖಾನೆಯ ತುಕ್ಕು ಕಾಯುತ್ತಿದ್ದ ನಾನು, ಮನೆಯಲ್ಲಿದ್ದ ಪ್ರೀಮಿಯರ್ ಪದ್ಮಿನಿಯನ್ನು ಒಂದು ಮಳೆಗಾಲ ನೀಲಿ ಟಾರ್ಪಾಲಿನಲ್ಲಿ ಸುತ್ತಿ, ನಾಲ್ಕೂ ಕಡೆ ಹಗ್ಗ ಬಿಗಿದು ಊರಿಗೆ ಹೋದೆ. ಹಿಂದಿನ ದಿನ ತಾನೇ ತೊಳೆದಿದ್ದೆ, ಚೊಕ್ಕಟವಾಗಿರಲಿ ಅಂತ. ಐದು ತಿಂಗಳ ಮೇಲೆ ಬಿಚ್ಚಿದಾಗ ಮೊದಲು ಬಂದದ್ದು ಮುಗ್ಗಲು ವಾಸನೆ. ಸೀಟಿನ ಮೇಲೆ ಬಿಳೀ ಬೂಷ್ಟು, ಹತ್ತಿ ಹರಡಿದ ಹಾಗೆ. ಕ್ರೋಮ್ ಬಂಪರ್ ತುಂಬ ಸಾಸಿವೆ ಕಾಳಿನಷ್ಟು ಚುಕ್ಕೆಗಳು. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಅದರ ಕೆಳಗಿನ ಕಂಬಳಿ ಇನ್ನೂ ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದನ್ನೂ ಎತ್ತಿದೆ. ಸ್ಕ್ರೂಡ್ರೈವರ್ ಒತ್ತಿದರೆ ತಗಡಿನೊಳಗೆ ಇಳಿಯಿತು. ಮಳೆ ಒಂದು ಹನಿ ಒಳಗೆ ಹೋಗಿರಲಿಲ್ಲ. ನಾನೇ ತೊಳೆದ ನೀರು ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಕೂತಿತ್ತು.

ದೊಡ್ಡವರೂ ಇದೇ ತಪ್ಪು ಮಾಡಿದ್ದಾರೆ ಅನ್ನುವುದೊಂದೇ ನನಗೆ ಸಮಾಧಾನ. ಅಮೆರಿಕದ ಟಲ್ಸಾ ಊರಿನಲ್ಲಿ 1957ರಲ್ಲಿ ಹೊಚ್ಚಹೊಸ ಪ್ಲಿಮತ್ ಕಾರೊಂದನ್ನು 50 ವರ್ಷ ಬಿಟ್ಟು ತೆಗೆಯೋಣ ಅಂತ ಕಾಂಕ್ರೀಟ್ ಗುಂಡಿಯಲ್ಲಿ ಹೂತಿಟ್ಟರು. ತುಕ್ಕು ತಡೆಯುವ ಗ್ರೀಸ್ ಬಳಿದು, ಸುತ್ತಿ, ಮುಚ್ಚಿ ಇಟ್ಟಿದ್ದರು. 2007ರಲ್ಲಿ ತೆಗೆದರೆ ಗುಂಡಿಯಲ್ಲಿ ನೀರು. ಕಾರು ಕೆಸರು ಮೆತ್ತಿದ ತುಕ್ಕಿನ ಮುದ್ದೆಯಾಗಿತ್ತು. ಗಟ್ಟಿಯಾಗಿ ಮುಚ್ಚಿದರೆ ಸಾಲದು. ಒಳಗೆ ಒಣಗಿರಬೇಕು, ಒಣಗಿದೆ ಅಂತ ಆಗಾಗ ನೋಡುವವರೂ ಇರಬೇಕು.

ನಿಮಗೆ ನೋಡುವವರಿದ್ದಾರೆ. ತಮ್ಮನಿಗೆ ಎಸ್.ಪಿ. ರೋಡಿನಿಂದ ಎರಡು ಚಿಕ್ಕ ತೇವ ಮಾಪಕ ತಂದುಕೊಡಿ, ಬಿಸಿ ಮತ್ತು ತೇವ ಎರಡನ್ನೂ ತೋರಿಸುವ ಡಿಜಿಟಲ್ ಡಬ್ಬಿ. ಒಂದು ಕಾರಿನೊಳಗೆ, ಗಾಜಿನಿಂದ ಕಾಣುವ ಹಾಗೆ. ಇನ್ನೊಂದು ಶೆಡ್ಡಿನ ಗೋಡೆಗೆ. ಭಾನುವಾರ ಕೀಲಿ ತಿರುಗಿಸುವ ಬದಲು ಅವರು ಟಾರ್ಚ್ ಹಿಡಿದು ಎರಡು ಅಂಕಿ ಬರೆದುಕೊಳ್ಳಲಿ. ಒಳಗಿನ ಅಂಕಿ 55 ದಾಟಿದರೆ ಕೆಲಸ ಇದೆ ಅಂತ ಅರ್ಥ.

ಆ ಕೆಲಸ ಸಿಲಿಕಾ ಜೆಲ್ಲಿನದು. ಹೊಸ ಶೂ ಡಬ್ಬದಲ್ಲಿ ಪುಟ್ಟ ಪೊಟ್ಟಣ ಬರುತ್ತದಲ್ಲ, ಅದೇ ಕಾಳು, ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಒಂದು ಕೆಜಿ ಜೆಲ್ ಸುಮಾರು ಕಾಲು ಕೆಜಿ ನೀರು ಹಿಡಿಯುತ್ತದೆ. ಮಾರುತಿ 800ರ ಒಳಗಿನ ಗಾಳಿಯಲ್ಲಿ ಮಳೆಗಾಲದಲ್ಲೂ ಇರುವ ನೀರು ಅರ್ಧ ಕಾಫಿ ಲೋಟದಷ್ಟೂ ಇಲ್ಲ. 'ಹಾಗಾದರೆ ಕಾಲು ಕೆಜಿ ಜೆಲ್ ಸಾಕಲ್ಲ' ಅನ್ನಬೇಡಿ. ನೀರು ಇರುವುದು ಗಾಳಿಯಲ್ಲಲ್ಲ, ಸೀಟಿನ ಸ್ಪಂಜಿನಲ್ಲಿ, ಕಾರ್ಪೆಟ್ಟಿನಲ್ಲಿ. ಜತೆಗೆ ಬಾಗಿಲಿನ ಸಂದಿಯಿಂದ ದಿನಾ ಹೊಸ ಗಾಳಿ ಬರುತ್ತದೆ. ಎರಡು ಕೆಜಿ ತೆಗೆದುಕೊಳ್ಳಿ, ಬಟ್ಟೆ ಚೀಲಗಳಲ್ಲಿ ಕಟ್ಟಿ ನೆಲದ ಮೇಲೆ, ಡಿಕ್ಕಿಯಲ್ಲಿ ಇಡಿ. ಬಣ್ಣ ಬದಲಾಯಿಸುವ ಕಾಳು ತಗೊಳ್ಳಿ, ಕಿತ್ತಳೆ ಬಣ್ಣದ್ದು ನೀರು ಕುಡಿದಾಗ ಹಸಿರಾಗುತ್ತದೆ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಒಳ್ಳೆಯದಲ್ಲ. ಬಣ್ಣ ತಿರುಗಿದ ಕಾಳನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಹೊಸತು. ಯಾವ ಬಣ್ಣದ್ದೇ ಆಗಲಿ, ಒಗ್ಗರಣೆ ಬಾಣಲೆಯಲ್ಲಿ ಮಾತ್ರ ಬೇಡ. ಅದಕ್ಕೆಂದೇ ಒಂದು ಹಳೇ ತಟ್ಟೆ ಎತ್ತಿಡಿ.

ಬೀರುವಿನಲ್ಲಿಡುವ ಪ್ಲಾಸ್ಟಿಕ್ ಡಬ್ಬಿಗಳು ಸಿಗುತ್ತವೆ, ತೇವ ಎಳೆದು ಕೆಳಗೆ ನೀರು ತುಂಬಿಸಿಕೊಳ್ಳುವವು. ಅವನ್ನು ಕಾರಿನೊಳಗೆ ಇಡಲೇಬೇಡಿ. ಒಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ಹಿಡಿದ ನೀರು ಬರೀ ನೀರಲ್ಲ, ಉಪ್ಪುನೀರು. ಒಂದು ಡಬ್ಬಿ ಮಗುಚಿದರೆ ಮಂಗಳೂರಿನ ಸಮುದ್ರವನ್ನೇ ನಿಮ್ಮ ಕಾರಿನ ನೆಲಕ್ಕೆ ತಂದಂತೆ. ಅಕ್ಕಿ, ಇದ್ದಿಲು, ಕಲ್ಲುಪ್ಪಿನ ಸಲಹೆಗಳೂ ಬರುತ್ತವೆ. ಅಕ್ಕಿಗೆ ಹೆಗ್ಗಣ ಬರುತ್ತದೆ, ಉಪ್ಪಿನ ವಿಷಯ ಈಗಷ್ಟೇ ಹೇಳಿದೆ.

ಇಡೀ ಕಾರನ್ನೇ ಒಳಗೆ ಹಾಕಿ ಜಿಪ್ ಎಳೆಯುವ ದೊಡ್ಡ ಚೀಲಗಳೂ ಇವೆ. ನಾಲ್ಕು ವರ್ಷಕ್ಕೆ ಅದು ನಿಜಕ್ಕೂ ಒಳ್ಳೆಯದು, ಒಳಗೆ ನಾಲ್ಕೈದು ಕೆಜಿ ಜೆಲ್ ಇಟ್ಟರೆ. ಆದರೆ ನೀವು ಹೊರಡುವುದು ಅಕ್ಟೋಬರ್. ತೇವ ಜಾಸ್ತಿ ಇರುವ ಹೊತ್ತಿನಲ್ಲಿ ಜಿಪ್ ಎಳೆದರೆ ಆ ತೇವವನ್ನೇ ಒಳಗೆ ಕಟ್ಟಿಹಾಕಿದ ಹಾಗೆ, ಟಾರ್ಪಾಲಿನದೇ ಕಥೆ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಅಕ್ಟೋಬರ್‌ನಿಂದ ಬರೀ ಹತ್ತಿಬಟ್ಟೆಯ ಕವರ್, ಒಳಗೆ ಜೆಲ್. ಫೆಬ್ರವರಿ ಬರಲಿ. ಒಣಬಿಸಿಲಿನ ನಾಲ್ಕೈದು ದಿನ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ತಮ್ಮ ಶಟರ್ ಎತ್ತಿ, ಕಾರಿನ ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲ ತೆರೆದಿಡಲಿ. ಒಳಗಿನ ಅಂಕಿ 40ರ ಕೆಳಗೆ ಬಂದ ಮಧ್ಯಾಹ್ನ, ಹೊಸದಾಗಿ ಒಣಗಿಸಿದ ಜೆಲ್ ಇಟ್ಟು, ಜಿಪ್ ಎಳೆಯಲಿ. ಚೀಲಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಹತ್ತಿ ಕವರಿನಲ್ಲೇ ಇರಲಿ, ಪ್ರತಿ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಈ ಒಣಗಿಸುವ ಕೆಲಸ ಮಾಡಿದರಾಯಿತು. ಮಳೆಗಾಲದಲ್ಲಿ ಶಟರ್ ಮುಚ್ಚೇ ಇರಲಿ.

ಕಂಟ್ರೋಲ್ ಪ್ಯಾನೆಲ್ ಒಳಗೆ ತೇವ ಕೂರದಂತೆ ಚಿಕ್ಕ ಹೀಟರ್ ಇಡುತ್ತಾರೆ, ಹಿಂದೆ ಕೆಲವರು ಬಲ್ಬನ್ನೇ ಉರಿಸಿಡುತ್ತಿದ್ದರು. ಸುತ್ತಲಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಲೋಹ ಬೆವರುವುದಿಲ್ಲ. ಉಪಾಯವೇನೋ ಸರಿ. ಆದರೆ ಯಾರೂ ಇಲ್ಲದ ಶೆಡ್ಡಿನಲ್ಲಿ, ಬಟ್ಟೆ ಹೊದ್ದ ಕಾರಿನ ಪಕ್ಕ, ನಾಲ್ಕು ವರ್ಷ ಉರಿಯುವ ಬಲ್ಬು ನನಗೆ ಬೇಡ.

ಇನ್ನು ಭಾನುವಾರದ ಸ್ಟಾರ್ಟಿಂಗ್. ಇದು ಬೆಂಗಳೂರಿನ ಪ್ರತಿ ಬೀದಿಯಲ್ಲೂ ನಡೆಯುವ ಪೂಜೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವುದು ಅದೇ. ಕಾರು ಅರ್ಧ ಗಂಟೆ ಓಡಿದರೆ ಎಲ್ಲವೂ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಗುರ್ ಅನ್ನಿಸಿ ಆಫ್ ಮಾಡಿದರೆ? ಸೈಲೆನ್ಸರ್ ಒಳಗೆ ನೀರು ಹಾಗೇ ನಿಲ್ಲುತ್ತದೆ. ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೂ ಸೇರುತ್ತದೆ. ಹೀಗೆ ಸಾಕಿದ ಕಾರಿನ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿ, ಒಳಮೈಗೆ ಹಾಲು ಕಾಫಿಯ ನೊರೆಯಂಥ ಲೋಳೆ ಅಂಟಿರುತ್ತದೆ. ಅದು ನೀರು ಬೆರೆತ ಆಯಿಲ್. ಇದರ ಮೇಲೆ ಬ್ಯಾಟರಿ ಕಳೆದುಕೊಂಡಷ್ಟು ಚಾರ್ಜ್ ವಾಪಸ್ ಬರುವುದೂ ಅನುಮಾನ. ಓಡಿಸುವುದಾದರೆ ಸರಿಯಾಗಿ ಓಡಿಸಿ, ಹದಿನೈದು ದಿನಕ್ಕೊಮ್ಮೆ ಕನಕಪುರ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿಬನ್ನಿ. ಆಗುವುದಿಲ್ಲವಾ, ಮಲಗಲು ಬಿಡಿ.

ಮಲಗಿಸುವ ಮೊದಲು ಒಂದು ಕೊನೆಯ ಓಟ ಬೇಕು. ಹೊರಡುವ ವಾರ ಕಾರಿನ ತಳ ಚೆನ್ನಾಗಿ ತೊಳೆಸಿ. ಮಡ್‌ಗಾರ್ಡ್ ಒಳಗೆ, ವೈಪರ್ ಕೆಳಗಿನ ಜಾಲರಿಯಲ್ಲಿ ಕೂತ ಹೊಂಗೆ ಎಲೆ, ಗುಲ್ಮೊಹರ್ ಪುಡಿ ಎಲ್ಲ ಕೈ ಹಾಕಿ ತೆಗೆಯಿರಿ, ಅದು ಸ್ಪಂಜಿನ ಹಾಗೆ ನೀರು ಹಿಡಿದು ಕೂರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಪುಟ್ಟ ತೂತುಗಳಿವೆ. ಕಡ್ಡಿ ತೂರಿಸಿ ಬಿಡಿಸಿ. ಆಮೇಲೆ ಬಿಸಿಲಿದ್ದ ದಿನ ನೋಡಿ ಅರ್ಧ ಗಂಟೆಗಿಂತ ಜಾಸ್ತಿ ಓಡಿಸಿ. ಆ ಬಿಸಿಯಲ್ಲೇ ನೇರ ಮೆಕ್ಯಾನಿಕ್ ಹತ್ತಿರ ಹೋಗಿ ಆಯಿಲ್, ಫಿಲ್ಟರ್ ಬದಲಾಯಿಸಿ. 'ನಾಲ್ಕು ವರ್ಷ ನಿಲ್ಲೋ ಗಾಡಿಗೆ ಹೊಸ ಆಯಿಲ್ ಯಾಕೆ ದಂಡ, ಬಂದಮೇಲೆ ಹಾಕಿಸಿ' ಅಂತ ಅವರು ಹೇಳಬಹುದು. ಓಡಿದ ಆಯಿಲಿನಲ್ಲಿ ಆಮ್ಲ ಇರುತ್ತದೆ, ನೀರಿರುತ್ತದೆ. ಅದರಲ್ಲಿ ಬೇರಿಂಗ್ ನಾಲ್ಕು ವರ್ಷ ನೆನೆಯಬಾರದು. ಈಗಲೂ ಹಾಕಿಸಿ, ಬಂದಮೇಲೂ ಹಾಕಿಸಿ.

ನಿಮ್ಮದು ಮೂರು ಸಿಲಿಂಡರ್. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದು ಚಮಚ ಹೊಸ ಎಂಜಿನ್ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪಾನರ್ ಹಾಕಿ ಕೈಯಲ್ಲೇ ಎಂಜಿನ್ನನ್ನು ನಾಲ್ಕೈದು ಸುತ್ತು ತಿರುಗಿಸಿ, ಪ್ಲಗ್ ವಾಪಸ್ ಹಾಕಿ. ಸಿಲಿಂಡರ್ ಗೋಡೆಗೆ ಎಣ್ಣೆಯ ಪದರ ಕೂರುತ್ತದೆ. ಇದನ್ನು ಮೆಕ್ಯಾನಿಕ್ ತಮ್ಮನಿಗೆ ಒಮ್ಮೆ ತೋರಿಸಿಕೊಟ್ಟರೆ ಆರು ತಿಂಗಳಿಗೊಮ್ಮೆ ಅವರೇ ಮಾಡಬಹುದು. ಏರ್ ಫಿಲ್ಟರ್ ಮೂತಿಗೂ ಸೈಲೆನ್ಸರ್ ತುದಿಗೂ ಎಣ್ಣೆ ಬಟ್ಟೆ ತುರುಕಿ, ಮೇಲೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ. ಇಲಿಗಳಿಗೆ ಸೈಲೆನ್ಸರ್ ಅಂದರೆ ಬಾಡಿಗೆ ಇಲ್ಲದ ಮನೆ.

ಪೆಟ್ರೋಲಿನ ವಿಷಯದಲ್ಲಿ ಹಳಬರ ಸಲಹೆ ಈಗ ನಡೆಯುವುದಿಲ್ಲ. ಹಿಂದೆ 'ಟ್ಯಾಂಕ್ ಫುಲ್ ಮಾಡಿ ನಿಲ್ಲಿಸು, ಒಳಗೆ ಗಾಳಿ ಇರಲ್ಲ, ತುಕ್ಕು ಬರಲ್ಲ' ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಆ ಇ20ಗೆ ದೇಶದಲ್ಲಿ ಚಾಲನೆ ಕೊಟ್ಟದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿಮೀರಿದರೆ ಎಥೆನಾಲೂ ನೀರೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. 1994ರ ಕಾರಿನ ರಬ್ಬರ್ ಪೈಪುಗಳು, ಕಾರ್ಬ್ಯುರೇಟರ್ ಇದಕ್ಕೆಂದು ಮಾಡಿದವಲ್ಲ. ಹಾಗಾಗಿ ನಿಮಗೆ ನನ್ನ ಸಲಹೆ: ಟ್ಯಾಂಕ್ ಖಾಲಿ. ಮೆಕ್ಯಾನಿಕ್ ಟ್ಯಾಂಕ್ ಇಳಿಸಿ, ಬರಿದು ಮಾಡಿ, ಒಣಗಿಸಿ, ಒಳಗೆ ಅರ್ಧ ಲೀಟರ್ ಎಂಜಿನ್ ಆಯಿಲ್ ಹಾಕಿ ಎಲ್ಲ ಗೋಡೆಗೂ ತಾಗುವಂತೆ ಹೊರಳಿಸಿ, ಉಳಿದದ್ದು ಚೆಲ್ಲಿ ಮತ್ತೆ ಕೂರಿಸಲಿ. ಕಾರ್ಬ್ಯುರೇಟರ್ ಬಟ್ಟಲನ್ನೂ ಖಾಲಿ ಮಾಡಿಸಿ. ಇದನ್ನು ಮನೆಯಲ್ಲಿ ಮಾಡಬೇಡಿ. ಪೈಪ್ ಹಾಕಿ ಬಾಯಲ್ಲಿ ಎಳೆಯುವುದಂತೂ ಬೇಡವೇ ಬೇಡ. ಈಗಷ್ಟೇ ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆಲ್ಲ ಆವಿ ಇರುತ್ತದೆ. ಡೀಸೆಲ್ ಕಾರಿನವರು ಇದನ್ನು ಓದುತ್ತಿದ್ದರೆ: ನಿಮಗೆ ಉಲ್ಟಾ, ಟ್ಯಾಂಕ್ ತುಂಬಿಸಿ ಇಡಿ.

ರೇಡಿಯೇಟರಿನಲ್ಲಿ ಬೋರ್‌ವೆಲ್ ನೀರಿದ್ದರೆ ಇವತ್ತೇ ತೆಗೆಸಿ. ಹಸಿರು ಕೂಲಂಟ್ ಚಳಿಗಷ್ಟೇ ಅಲ್ಲ, ಅದರಲ್ಲಿ ತುಕ್ಕು ತಡೆಯುವ ಮದ್ದಿರುತ್ತದೆ. ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಕೂಡ ಗಾಳಿಯಿಂದ ನೀರು ಕುಡಿಯುತ್ತದೆ, ಅದನ್ನೂ ಈಗ ಬದಲಾಯಿಸಿ, ಬಂದಮೇಲೆ ಮತ್ತೊಮ್ಮೆ. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡುಬಿಡುತ್ತದೆ. ಕಾರನ್ನು ಎತ್ತಿ ನಿಲ್ಲಿಸುವವರೆಗೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಡಿ.

ಬ್ಯಾಟರಿಗೆ ನಾಲ್ಕು ವರ್ಷ ಸೇವೆ ಮಾಡುವುದು ದಂಡ. ಬಿಚ್ಚಿ ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ. ಅದು ಕೂತಿದ್ದ ತಟ್ಟೆಯಲ್ಲಿ ಬಿಳೀ ಪುಡಿ ಇದ್ದರೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಹಚ್ಚಿ. ಟೈರಿಗೂ ಜಾಸ್ತಿ ಲೆಕ್ಕ ಹಾಕಬೇಡಿ. ಕಾರನ್ನು ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟೊಳ್ಳು ಸಿಮೆಂಟ್ ಬ್ಲಾಕ್ ಮೇಲೆ ಬೇಡ, ಅದು ಒಡೆಯುತ್ತದೆ. ನಾಲ್ಕು ವರ್ಷದ ಮೇಲೆ ಟೈರ್ ಹೇಗೂ ಬದಲಾಯಿಸಬೇಕಾಗಬಹುದು.

ತಳಕ್ಕೆ ಏನು ಬಳಿಯಬೇಕು? ವಾಟರ್ ಸರ್ವಿಸ್ ಅಂಗಡಿಯಲ್ಲಿ ಸುಟ್ಟ ಆಯಿಲ್ ಸ್ಪ್ರೇ ಮಾಡಿಕೊಡುತ್ತಾರೆ, ಲಾರಿಯವರು ಮಾಡಿಸುತ್ತಾರೆ. ಬೇಡ. ಅದರ ಆಮ್ಲದ ಕಥೆ ಹೇಳಿದೆನಲ್ಲ, ರಬ್ಬರ್ ಬುಷ್‌ಗಳನ್ನೂ ಅದು ಊದಿಸುತ್ತದೆ. ಕಪ್ಪು ರಬ್ಬರ್ ಕೋಟಿಂಗ್ ಹೊಸ ಕಾರಿಗೆ ಸರಿ. 30 ವರ್ಷ ದಾಟಿದ ತಗಡಿನ ಮೇಲೆ, ಈಗಾಗಲೇ ಇರುವ ತುಕ್ಕಿನ ಮೇಲೆ ಬಳಿದರೆ ಒಳಗೊಳಗೇ ತಿನ್ನುತ್ತದೆ, ಹೊರಗೆ ಕಪ್ಪಗೆ ಚೆನ್ನಾಗಿ ಕಾಣುತ್ತದೆ. ಪೀಣ್ಯದಲ್ಲಿ ನಾವು ಬಳಸುತ್ತಿದ್ದದ್ದು ಆರ್‌ಪಿ ಆಯಿಲ್, ತುಕ್ಕು ತಡೆಯಲೆಂದೇ ಬರುವ ತೆಳು ಎಣ್ಣೆ. ಬಳಿದ ಮೇಲೆ ದ್ರಾವಕ ಆರಿ ಮೇಣದಂಥ ಪದರ ಉಳಿಯುತ್ತದೆ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಇದನ್ನು ತಳಕ್ಕೂ, ಉದ್ದ ಟ್ಯೂಬಿನ ಸ್ಪ್ರೇಯಿಂದ ಬಾಗಿಲು ಮತ್ತು ಬಾಗಿಲ ಕೆಳಗಿನ ಮೆಟ್ಟಿಲ ಪಟ್ಟಿಯ ಒಳಹೊಟ್ಟೆಗೂ ಹೊಡೆಸಿ. ತುಕ್ಕು ಹೊರಗಿನಿಂದ ಶುರುವಾಗುವುದು ಕಮ್ಮಿ, ಈ ಟೊಳ್ಳುಗಳ ಒಳಗಿನಿಂದ ಬರುವುದೇ ಜಾಸ್ತಿ. ಬ್ರೇಕ್ ಡಿಸ್ಕ್, ಡ್ರಮ್ಮಿಗೆ ಮಾತ್ರ ತಾಗಿಸಬೇಡಿ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಇದಕ್ಕೆ ಸಾಲದು. ಆ ಹೆಸರಿನ ಅರ್ಥವೇ ನೀರನ್ನು ತಳ್ಳುವ ನಲವತ್ತನೇ ಪ್ರಯತ್ನ ಅಂತ, 1953ರದ್ದು. ನೀರನ್ನು ತಳ್ಳುತ್ತದೆ, ಸರಿ. ವರ್ಷಗಟ್ಟಲೆ ನಿಲ್ಲುವಷ್ಟು ದಪ್ಪ ಪದರ ಬಿಡುವುದಿಲ್ಲ.

ಕಾರಿನೊಳಗಿನ ರಬ್ಬರ್ ಮ್ಯಾಟು, ಅದರ ಕೆಳಗಿನ ಕಂಬಳಿ ಎಲ್ಲ ಹೊರಗೆ ತೆಗೆದು ಮಹಡಿ ಮೇಲೆ ಇಡಿ. ನನ್ನ ಪದ್ಮಿನಿಯ ನೆಲ ನೆನಪಿರಲಿ. ವೈರು ಕಡಿಯುವ ಹೆಗ್ಗಣಕ್ಕೆ ಹೊಗೆಸೊಪ್ಪು, ನುಸಿಗುಳಿಗೆ ಅಂತ ಏನೇನೋ ಹೇಳುತ್ತಾರೆ. ವಾಸನೆ ನಿಂತ ಮೇಲೆ ಅವು ವಾಪಸ್ ಬರುತ್ತವೆ. ಶಟರ್ ಕೆಳಗಿನ ಸಂದು ಮುಚ್ಚಿಸಿ, ಬೋನು ಇಡಿ, ಅದೇ ವಾಸಿ.

ಕಾಗದಪತ್ರದ ಕೆಲಸವನ್ನೂ ಹೊರಡುವ ಮೊದಲೇ ಮುಗಿಸಿ. 15 ವರ್ಷ ದಾಟಿದ ಕಾರಿನ ಆರ್‌ಸಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. ನಿಮ್ಮದರ ಅವಧಿ ನಡುವೆ ಮುಗಿಯುತ್ತದಾ ನೋಡಿಕೊಳ್ಳಿ.

ನಾಲ್ಕು ವರ್ಷದ ಮೇಲೆ ಬಂದ ದಿನವೇ ಕೀಲಿ ತಿರುಗಿಸಬೇಡಿ. ಟೈಮಿಂಗ್ ಬೆಲ್ಟು ರಬ್ಬರಿನದು, ಮೊದಲು ಅದನ್ನು ಹೊಸದು ಮಾಡಿ. ಆಯಿಲ್ ಬದಲಾಯಿಸಿ, ಪ್ಲಗ್ ಬಿಚ್ಚಿ ಕೈಯಲ್ಲಿ ಎಂಜಿನ್ ತಿರುಗಿಸಿ ನೋಡಿ. ಹೊಸ ಬ್ಯಾಟರಿ ಹಾಕಿ, ಪ್ಲಗ್ ಇಲ್ಲದೆಯೇ ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್, ಆಮೇಲೆ ಐದು ಲೀಟರ್ ಹೊಸ ಪೆಟ್ರೋಲ್. ಬ್ರೇಕನ್ನು ಶೆಡ್ಡಿನ ಮುಂದೆಯೇ ಮೂರು ಸಲ ಹಿಡಿದು ನೋಡಿ, ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಅಲ್ಲ.

ಇಷ್ಟೆಲ್ಲ ಮಾಡಿದ್ದು ನಾಲ್ಕು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಟ್ಯಾಂಕ್ ಖಾಲಿ, ಬ್ಯಾಟರಿ ಇಲ್ಲ, ಸೈಲೆನ್ಸರಿನಲ್ಲಿ ಬಟ್ಟೆ, ಏರ್ ಫಿಲ್ಟರಿನಲ್ಲಿ ಬಟ್ಟೆ, ಸಿಲಿಂಡರಿನಲ್ಲಿ ಎಣ್ಣೆ, ಹ್ಯಾಂಡ್‌ಬ್ರೇಕ್ ಬಿಟ್ಟಿದೆ. ಅದನ್ನು ಕೆಂಪು ದಾರದಲ್ಲಿ ಸ್ಟೇರಿಂಗಿಗೆ ಕಟ್ಟಿ. ಕೀಲಿಯನ್ನೂ ಅದೇ ದಾರಕ್ಕೆ ಕಟ್ಟಬೇಡಿ, ಅದು ನಿಮ್ಮ ಜತೆ ನೆದರ್‌ಲೆಂಡ್ಸ್‌ಗೆ ಬರಲಿ. ತಮ್ಮ ಒಳ್ಳೆಯವರೇ ಇರಬಹುದು, ಭಾನುವಾರ ಬಂದರೆ ಕೈ ಸುಮ್ಮನಿರುವುದಿಲ್ಲ. ಬಾಗಿಲು ತೆರೆಯಲು ಬಾಗಿಲಿನ ಬೀಗದ ಕೀಲಿಯೊಂದನ್ನಷ್ಟೇ ಬೇರೆ ಮಾಡಿಸಿಕೊಡಿ.